ಒಂದು ಮಗ್ಗುಲಿಗೆ ಕೂರುವ ಹೆಂಗಸರು

ದೇವದುರ್ಗದ ನಮ್ಮ ಅಜ್ಜಿ, ಎಂದರೆ ನನ್ನ ತಾಯಿಯ ತಾಯಿ, ಕೂರುತ್ತಿದ್ದ ರೀತಿಯೇ ಬೇರೆ. ಎಡಗಾಲು ಮಡಚಿ, ಬಲ ಮೊಣಕಾಲು ಮೇಲೆತ್ತಿ, ಮೈಭಾರವನ್ನೆಲ್ಲ ಎಡಮಗ್ಗುಲಿಗೆ ಹಾಕಿ, ಎಡಗೈಯನ್ನು ನೆಲಕ್ಕೆ ಊರಿಕೊಂಡು ಕೂರುತ್ತಿದ್ದಳು. ರೊಟ್ಟಿ ಬಡಿಯಲು ಎರಡೂ ಕೈ ಬೇಕಲ್ಲ, ಆಗ ಗೋಡೆಗೆ ಹೆಗಲು ಆನಿಸುತ್ತಿದ್ದಳು. ಬೇಸಿಗೆ ರಜೆಗೆ ರಾಯಚೂರಿನಿಂದ ಹೋಗುತ್ತಿದ್ದ ನಾವು ಮೊಮ್ಮಕ್ಕಳು ಇದನ್ನೇ ಒಂದು ಆಟ ಮಾಡಿಕೊಂಡಿದ್ದೆವು. ಒಬ್ಬಳು ತಲೆಗೆ ಟವೆಲ್ ಹೊದ್ದು, ಥೇಟ್ ಅಜ್ಜಿಯ ಹಾಗೆ ವಾಲಿಕೊಂಡು ಕೂತು, "ಯಾರಲೇ ಅದು, ಬಾಗಲಾ ಮುಚ್ರಿ, ಝಳ ಬರಾಕತ್ತದ" ಅನ್ನಬೇಕು. ಉಳಿದವರು ಬಿದ್ದು ಬಿದ್ದು ನಗಬೇಕು. ಅಜ್ಜಿಯೂ ನಗುತ್ತಿದ್ದಳು. ನನ್ನಷ್ಟು ಚೆನ್ನಾಗಿ ಅಜ್ಜಿಯನ್ನು ಅಣಕಿಸುವವರು ಯಾರೂ ಇರಲಿಲ್ಲ.

ನಮ್ಮವ್ವನೂ ಹಾಗೇ ಕೂರುತ್ತಿದ್ದಳು. ರಾಯಚೂರಿನ ನಮ್ಮ ಮನೆಯಲ್ಲಿ ಕುರ್ಚಿಗಳಿದ್ದವು, ದಿವಾನ ಇತ್ತು, ಆದರೂ ಅವಳು ನೆಲದ ಮೇಲೆಯೇ, ಒಂದು ಮಗ್ಗುಲಿಗೆ. ತಾಯಿಯನ್ನು ನೋಡಿ ಮಗಳು ಕಲಿತದ್ದು ಅಂದುಕೊಂಡಿದ್ದೆ. ಒಬ್ಬೊಬ್ಬರ ಮನೆತನದಲ್ಲಿ ಮೂಗು ಉದ್ದ, ಇನ್ನೊಬ್ಬರದರಲ್ಲಿ ನಾಲಿಗೆ ಉದ್ದ. ನಮ್ಮಲ್ಲಿ ಕೂರುವ ಠೀವಿ ಹೀಗೆ. ಅಷ್ಟೇ ನನಗೆ ಗೊತ್ತಿದ್ದದ್ದು.

ಈಗ ಬರೆಯಲು ಹೊರಟಿರುವ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದವರಲ್ಲ. ಓದಿದವರಲ್ಲಿ ಕೆಲವರು ಮೂಗು ಮುರಿದಾರು. ಮುರಿಯಲಿ, ಅವರ ಮೂಗು, ಅವರಿಷ್ಟ. ನಾನು ಮಾನ್ವಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುವವಳು. 'ಅಯೋನಿಜೆ' ಎನ್ನುವ ಪದ ಪಾಠದಲ್ಲಿ ಬಂದಾಗ ಅದನ್ನು ಬಿಡಿಸಿ, ಅರ್ಥ ಹೇಳಿ, ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೆ ಯೋನಿ ಎನ್ನುವುದು ನನಗೂ ಇದೆ, ಅಲ್ಲಿ ನೋಯುತ್ತದೆ ಎಂದು ಒಬ್ಬರೆದುರಿಗೆ ಹೇಳುವಷ್ಟರಲ್ಲಿ ನನ್ನ ಸಂಸಾರವೇ ಕೈಬಿಟ್ಟು ಹೋಗುವುದರಲ್ಲಿತ್ತು.

ನೋವು ಮದುವೆಗೆ ಮೊದಲೇ ಇತ್ತು. ಕಾಲೇಜಿಗೆ ಹೋಗುವಾಗ ಬಸ್ಸಿನ ಸೀಟಿನ ಮೇಲೆ ಕೂತರೆ ಉರಿ, ತಂಗಿಯ ಸ್ಕೂಟಿಯ ಹಿಂದೆ ಕೂತರೆ ಉರಿ, ಚೂಡಿದಾರದ ಹೊಲಿಗೆ ತಾಗಿದರೂ ಉರಿ. ಅವ್ವನಿಗೆ ಹೇಳಿದರೆ, "ಉಷ್ಣ ಆಗೇದ, ಸಬ್ಜಾ ಬೀಜ ನೆನಿಸಿ ಕುಡಿ" ಅನ್ನುತ್ತಿದ್ದಳು. ರಾಯಚೂರಿನ ಬಿಸಿಲಿಗೆ ಯಾರಿಗೆ ಉಷ್ಣ ಆಗುವುದಿಲ್ಲ ಹೇಳಿ? ನಾನೂ ಕುಡಿದೆ. ಮದುವೆಯ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಅವ್ವ ಒಂದು ಬಟ್ಟೆಯ ಗಂಟು ಇಟ್ಟಳು. ಅದರೊಳಗೆ ಹಿಡಿಯಷ್ಟು ದೊಡ್ಡ ಪಟಿಕದ ಕಲ್ಲು.

ನಮ್ಮ ಕಡೆಯವರಿಗೆ ಪಟಿಕ ಗೊತ್ತು. ಕಾಲುವೆಯ ನೀರು ಕೆಂಪು ರಾಡಿಯಾಗಿ ಬಂದಾಗ ಈ ಬಿಳಿ ಕಲ್ಲನ್ನು ಕೊಡದಲ್ಲಿ ನಾಲ್ಕು ಸುತ್ತು ತಿರುವಿ ಬಿಟ್ಟರೆ ರಾಡಿ ತಳಕ್ಕೆ ಕೂತು ನೀರು ತಿಳಿಯಾಗುತ್ತದೆ. ಮಾನ್ವಿ, ಸಿರವಾರ, ದೇವದುರ್ಗ, ಎಲ್ಲಾ ಕಡೆ ಅಡುಗೆಮನೆಯಲ್ಲಿ ಒಂದು ತುಂಡು ಇರುತ್ತಿತ್ತು. ನಮ್ಮ ಮನೆಯ ಹೆಂಗಸರಿಗೆ ಮಾತ್ರ ಇನ್ನೊಂದು ತುಂಡು ಬಚ್ಚಲಿನ ಗೂಡಿನಲ್ಲಿ. "ಭಾಳ ಸುಡಾಕತ್ತಿದ್ರ ಇದರ ನೀರಾಗ ತೊಳ್ಕೋ. ನಮ್ಮವ್ವ ನನಗ ಕೊಟ್ಟಿದ್ಲು," ಎಂದು ಅವ್ವ ಪೆಟ್ಟಿಗೆಯ ಮುಚ್ಚಳ ನೋಡುತ್ತಾ ಹೇಳಿದಳು. ನನ್ನ ಮುಖ ನೋಡಲಿಲ್ಲ. 

ನನ್ನ ಗಂಡ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಮಾತು ಕಡಿಮೆ, ಸಂಜೆ ಮನೆಗೆ ಬಂದರೆ ತಲೆಗೂದಲ ತುಂಬ ತೌಡಿನ ಧೂಳು. ನೋಡಿದ ಮೊದಲ ದಿನವೇ ನನಗೆ ಇಷ್ಟವಾಗಿದ್ದರು, ಅದನ್ನು ಮುಚ್ಚಿಡುವುದೇನು. ಹಾಗಿದ್ದೂ ಅವರು ಹತ್ತಿರ ಬಂದರೆ ನನ್ನ ಮೈ ಕಟ್ಟಿಗೆಯಾಗುತ್ತಿತ್ತು. ಹಸಿಗಾಯಕ್ಕೆ ಖಾರ ಅರೆದು ಹಚ್ಚಿದಂಥ ನೋವು. ನಾನು ಒಮ್ಮೆ ಚೀರಿದ ಮೇಲೆ ಅವರು ಮುಂದುವರಿಯುತ್ತಿರಲಿಲ್ಲ, ಅಷ್ಟು ಪುಣ್ಯ. ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದರು. "ನಾನೇನರ ತಪ್ಪು ಮಾಡಿದ್ನೇನು?" "ಇಲ್ರಿ." ಎಷ್ಟೋ ತಿಂಗಳು ನಮ್ಮಿಬ್ಬರ ನಡುವೆ ಆ ವಿಷಯಕ್ಕೆ ಇದ್ದದ್ದು ಇದೊಂದೇ ಮಾತುಕತೆ.

ನಾನು ಪಟಿಕದ ನೀರಿನಲ್ಲಿ ತೊಳೆದೆ. ಅದರ ಗುಣವೇ ಅದು, ಚರ್ಮವನ್ನು ಬಿಗಿ ಮಾಡಿ ಸ್ವಲ್ಪ ಹೊತ್ತು ಜೋಮು ಹಿಡಿಸುತ್ತದೆ. ಹಾ, ಕಡಿಮೆಯಾಯಿತು ಅನ್ನಿಸುತ್ತಿತ್ತು. ಆಮೇಲೆ ಮೊದಲಿಗಿಂತ ಹೆಚ್ಚು ಉರಿ. ಹೆಚ್ಚು ಉರಿದರೆ ಮತ್ತೆ ತೊಳೆಯುವುದು. ಬೆಳಿಗ್ಗೆ, ಸಂಜೆ, ಶಾಲೆಯಿಂದ ಬಂದ ಮೇಲೆ. ಸಾಲದ್ದಕ್ಕೆ ಬೇವಿನ ಎಲೆ ಕುದಿಸಿದ ನೀರು, ಅದರ ಮೇಲೆ ಗಾಯ ತೊಳೆಯಲು ತರುವ, ನೀರಿಗೆ ಬಿದ್ದರೆ ಬಿಳಿಯಾಗುವ ಔಷಧ. ಕೊಳೆತ ತರಕಾರಿಯನ್ನೂ ಯಾರೂ ಅಷ್ಟು ತೊಳೆಯುವುದಿಲ್ಲ.

ಶಾಲೆಯಲ್ಲಿ ನಾನು ಕುರ್ಚಿಯ ಮೇಲೆ ಕೂರುತ್ತಲೇ ಇರಲಿಲ್ಲ. ನಿಂತು ಪಾಠ, ನಿಂತು ಕಾಪಿ ತಿದ್ದುವುದು, ಊಟದ ಹೊತ್ತಿಗೂ ಕಿಟಕಿಯ ಕಟ್ಟೆಗೆ ಆನಿಕೊಂಡು ನಿಂತು ಡಬ್ಬಿ ಬಿಚ್ಚುವುದು. ಹೆಡ್ಮಾಸ್ತರರು ಒಂದು ದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ, "ಈ ಟೀಚರ್ ನೋಡಿ ಕಲೀರಿ. ಬಂದಾಗಿನಿಂದ ಒಂದಿನ ಕುಂತು ಪಾಠ ಮಾಡಿಲ್ಲ" ಎಂದು ಹೊಗಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಉಳಿದ ಟೀಚರುಗಳು ನನ್ನನ್ನು ನುಂಗುವ ಹಾಗೆ ನೋಡಿದರು. ಒಳಗೊಳಗೇ ಎಷ್ಟು ನಗು ಬಂತೆಂದರೆ, ಅವತ್ತು ಮಧ್ಯಾಹ್ನ ಬಚ್ಚಲಿಗೆ ಹೋಗಿ ನಕ್ಕೆ, ನಗುತ್ತಾ ನಗುತ್ತಾ ಅತ್ತುಬಿಟ್ಟೆ.

ಡಾಕ್ಟರ ಹತ್ತಿರ ಹೋಗಲಿಲ್ಲವೆಂದಲ್ಲ. ಒಬ್ಬರು ಮೂತ್ರದ ಸೋಂಕು ಎಂದು ಗುಳಿಗೆ ಕೊಟ್ಟರು. ಪರೀಕ್ಷೆಯಲ್ಲಿ ಏನೂ ಬರಲಿಲ್ಲ, ಆದರೂ ಗುಳಿಗೆ ನಿಲ್ಲಲಿಲ್ಲ. ಇನ್ನೊಬ್ಬರು ಕುರ್ಚಿಯಿಂದ ಏಳದೆ, "ಒಂದು ಮಗು ಆಗಲಿ, ಎಲ್ಲಾ ಸರಿ ಹೋಗ್ತದೆ" ಅಂದರು. ಮಗು ಏನು ಪೋಸ್ಟಿನಲ್ಲಿ ಬರುತ್ತದೆಯೇ ಎಂದು ಕೇಳುವಷ್ಟು ಸಿಟ್ಟು ಬಂದಿತ್ತು ನನಗೆ. ಕೇಳಲಿಲ್ಲ, ಚೀಟಿ ಇಸಿದುಕೊಂಡು ಬಂದೆ.

ಓಣಿಯ ಹೆಂಗಸರು ನನ್ನ ಹೊಟ್ಟೆಯ ಕಡೆ ನೋಡಲು ಶುರು ಮಾಡಿದಾಗ ಅತ್ತೆ ಮಗನನ್ನು ಕೇಳಿದರು. ಮಗ ಸುಳ್ಳು ಹೇಳಲು ಬಾರದ ಮನುಷ್ಯ. ಮರುದಿನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತಿದ್ದರು. ಅವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗಂಡ ಸತ್ತ ಮೇಲೆ ಒಬ್ಬ ಮಗನನ್ನು ದೊಡ್ಡವನನ್ನಾಗಿ ಮಾಡಿದವರು.

"ನನಗಿರೋದು ಒಬ್ಬನೇ ಮಗ," ಅಂದರು. "ಬ್ಯಾಸಿಗಿ ಸೂಟಿ ಬರಾಕತ್ತದ. ದೇವದುರ್ಗಕ್ಕ ನಿಮ್ಮ ಅಜ್ಜಿ ಹತ್ರ ಹೋಗು, ಏನು ಔಷಧ ಮಾಡ್ಕೋತಿ ಮಾಡ್ಕೋ. ಕಾರಹುಣ್ಣಿಮಿ ತನಕ ನೋಡ್ತೀವಿ. ಸುಧಾರಿಸಿದ್ರ ನಾನೇ ಬಂದು ಕರ್ಕೊಂಡು ಬರ್ತೀನಿ. ಇಲ್ಲಂದ್ರ ಎರಡೂ ಕಡೆ ಹಿರೇರು ಕುಂತು ಫಾರಕತಿ ಮಾಡಿ ಮುಗಿಸೋಣು. ನೀನೂ ಸಣ್ಣಾಕಿ ಇದ್ದಿ, ಆತನೂ ಸಣ್ಣಾತ ಇದ್ದಾನ."

ಫಾರಕತಿ. ಸಂಬಂಧ ಕಡಿದುಕೊಳ್ಳುವುದಕ್ಕೆ ನಮ್ಮ ಕಡೆ ಅನ್ನುವ ಮಾತು. ಅತ್ತೆ ಅದನ್ನು ಅಕ್ಕಿಯಲ್ಲಿನ ನೆಲ್ಲು ಆರಿಸುತ್ತಾ ಆಡಿದರು. ನನಗೆ ಅವರ ಮಗನನ್ನು ಬಿಟ್ಟಿರಲು ಆಗುವುದಿಲ್ಲ ಎಂದು ಹೇಳಬೇಕೆನ್ನಿಸಿತು. ಆದರೂ "ಆತು ರೀ" ಅಂದೆ.

ರಾಯಚೂರಿನ ತವರಿಗೆ ಹೋಗಿದ್ದರೆ ಓಣಿಯ ಮಂದಿ ಕೇಳುತ್ತಾರೆಂದು ಅವ್ವನಿಗೂ ಭಯ. ದೇವದುರ್ಗದಲ್ಲಿ ಬೇಸಿಗೆಗೆ ಮೊಮ್ಮಗಳು ಬಂದರೆ ಯಾರೂ ಕೇಳುವುದಿಲ್ಲ. ಅಜ್ಜಿಯ ಮನೆ ಹಾಗೇ ಇತ್ತು. ದಪ್ಪ ಮಣ್ಣಿನ ಗೋಡೆ, ಮಾಳಿಗೆ, ಹಿತ್ತಿಲಲ್ಲಿ ಬೇವಿನ ಮರ, ಅದರ ಕೆಳಗೆ ಹಗ್ಗದ ಮಂಚ. ಹೊರಗೆ ಬಿಸಿಲು ಕಾದ ಹಂಚಿನ ಹಾಗಿದ್ದರೂ ನಡುಮನೆಯ ನೆಲ ತಣ್ಣಗೆ. ನಾನು ಹೋದ ದಿನವೇ ಅಜ್ಜಿ ಏನೂ ಕೇಳದೆ ಬಚ್ಚಲಿನ ಗೂಡಿನಲ್ಲಿ ಪಟಿಕದ ಹೊಸ ತುಂಡು ಇಟ್ಟಳು. ಅವ್ವ ಫೋನಿನಲ್ಲಿ ಎಷ್ಟು ಹೇಳಿದ್ದಳೋ ಗೊತ್ತಿಲ್ಲ.

ಎರಡು ಮೂರು ದಿನ ಕಳೆದಿರಬೇಕು. ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ನಾನು ಎದುರಿಗೆ ಕೂತು ತೊಗರಿಬೇಳೆಯ ಕಲ್ಲು ಆರಿಸುತ್ತಿದ್ದೆ. ಯಾಕೋ ತಲೆ ಎತ್ತಿ ನೋಡಿದೆ. ಅಜ್ಜಿಯ ಬಲಮೊಣಕಾಲು ಮೇಲೆ, ನನ್ನದೂ ಮೇಲೆ. ಅಜ್ಜಿ ಎಡಮಗ್ಗುಲಿಗೆ ವಾಲಿದ್ದಳು, ನಾನೂ. ಈ ಸಲ ನಾನು ಅಣಕಿಸುತ್ತಿರಲಿಲ್ಲ. ಬೇರೆ ಯಾವ ರೀತಿಯಲ್ಲಿ ಕೂತರೂ ನನಗೆ ತಡೆಯಲಾಗದ್ದಕ್ಕೆ ಹಾಗೆ ಕೂತಿದ್ದೆ.

"ಅಜ್ಜಿ, ನೀ ಯಾವಾಗಿನಿಂದ ಹಿಂಗ ಕುಂಡ್ರತಿ?"

"ಹಿಂಗಂದ್ರ?"

"ಹಿಂಗ. ಒಂದು ಮಗ್ಗಲಿಗೆ."

ಅಜ್ಜಿ ರೊಟ್ಟಿಯನ್ನು ಹಂಚಿಗೆ ಹಾಕಿ, ಅದರ ಮೇಲೆ ನೀರಿನ ಬಟ್ಟೆ ಆಡಿಸಿದಳು. "ಕುಂಡ್ರೋದ್ರಾಗ ಏನದಬೇ. ನಿಮ್ಮವ್ವನೂ ಹಿಂಗ ಕುಂಡ್ರತಾಳ. ಬ್ಯಾಳಿ ನೋಡು, ಕಲ್ಲು ಉಳದಾವು," ಅಂದಳು. ನಾನು ಮತ್ತೆ ಕೇಳಿದರೆ ಸಿಟ್ಟಿಗೇಳುತ್ತಾಳೆಂದು ಬೇಳೆಗೆ ಕೈ ಹಾಕಿದೆ. ಆದರೆ ಅವತ್ತಿನಿಂದ ಅಜ್ಜಿ ನನ್ನೆದುರಿಗೆ ಕೂರುವಾಗ ಎರಡೂ ಕಡೆ ಸಮ ಮಾಡಿಕೊಂಡು ಕೂರಲು ನೋಡುತ್ತಿದ್ದಳು, ಸ್ವಲ್ಪ ಹೊತ್ತಿಗೆ ತಾನೇ ವಾಲುತ್ತಿದ್ದಳು.

ರಾಯಚೂರಿನಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದಾರೆ, ಕೂಡಿಸಿ ಮಾತಾಡಿಸುತ್ತಾರೆ ಎಂದು ನನ್ನ ಜೊತೆಯ ಟೀಚರೊಬ್ಬರು ಹಿಂದೊಮ್ಮೆ ಹೇಳಿದ್ದರು. ನನ್ನ ಗಂಡನಿಗೆ ಫೋನು ಮಾಡಿದೆ. ಅವರು ಗಿರಣಿಗೆ ರಜೆ ಹಾಕಿ ಮಾನ್ವಿಯಿಂದ ರಾಯಚೂರಿಗೆ ಬಂದರು, ನಾನು ಗಬ್ಬೂರಿನ ಮೇಲಿನ ಬಸ್ಸಿನಲ್ಲಿ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಭೇಟಿಯಾದಾಗ ಅವರ ಕೈಯಲ್ಲಿ ನನಗೆಂದು ತಂದ ಪೇಪರಿನ ಪೊಟ್ಟಣದಲ್ಲಿ ಬಿಸಿ ಮಿರ್ಚಿ ಭಜಿ. ಅಂಥಾ ಹೊತ್ತಿನಲ್ಲಿ ಮಿರ್ಚಿ ತರುವ ಗಂಡನನ್ನು ಬಿಟ್ಟುಕೊಡಲು ನನಗೇನು ಹುಚ್ಚೇ?

ಡಾಕ್ಟರು ಮೊದಲು ನನ್ನಿಂದ ಎಲ್ಲ ಹೇಳಿಸಿದರು. ಹೇಳುವಾಗ ಅವಸರ ಮಾಡಲಿಲ್ಲ. ಆಮೇಲೆ ಪರದೆಯ ಹಿಂದೆ ಮಲಗಿಸಿ ಕೇಳಿದರು, "ನೋಡ್ಲೇನವಾ? ನೀ ಬ್ಯಾಡಂದ್ರ ಬ್ಯಾಡ. ನಡುವ ಸಾಕಂದ್ರೂ ಅಲ್ಲಿಗೇ ಬಿಡ್ತೀನಿ."

ನನ್ನ ಮೈಯ ಬಗ್ಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. "ನೋಡ್ರಿ" ಅಂದೆ. ಅವರು ಹತ್ತಿ ಸುತ್ತಿದ ಸಣ್ಣ ಕಡ್ಡಿಯಿಂದ ಅಲ್ಲಲ್ಲಿ ಮೆತ್ತಗೆ ಮುಟ್ಟಿ, "ಇಲ್ಲಿ ನೋಯ್ತದೇನು, ಇಲ್ಲಿ?" ಎಂದು ಕೇಳುತ್ತಾ ಹೋದರು. ಹೊರಗೆ ಏನೂ ಇಲ್ಲ. ಯೋನಿಯ ಬಾಗಿಲಿನ ಹತ್ತಿರ ಒಂದು ಜಾಗಕ್ಕೆ ಬಂದಾಗ ನಾನು ಮಂಚದಿಂದ ಹಾರಿದೆ. ಅವರು ತಕ್ಷಣ ಕೈ ತೆಗೆದರು. "ಸಿಕ್ಕಿತು, ಇದೇ," ಅಂದರು.

ಎದ್ದು ಕೂತ ಮೇಲೆ ಬಿಡಿಸಿ ಹೇಳಿದರು. ಸೋಂಕು ಇಲ್ಲ, ಗಾಯ ಇಲ್ಲ. ಅಲ್ಲಿನ ನರಗಳು ಮುಟ್ಟಿದ್ದನ್ನೆಲ್ಲ ಸುಟ್ಟಂತೆ ತಿಳಿಯುತ್ತವೆ. ಕಣ್ಣಿನ ಹತ್ತಿರ ಯಾರಾದರೂ ಕೈ ತಂದರೆ ರೆಪ್ಪೆ ತಾನೇ ಮುಚ್ಚುತ್ತದಲ್ಲ, ಹಾಗೆ ನೋವಿಗೆ ಹೆದರಿ ಅಲ್ಲಿನ ಸ್ನಾಯು ಬಿಗಿಯಾಗುತ್ತದೆ, ಬಿಗಿಯಾದಷ್ಟೂ ನೋವು ಹೆಚ್ಚು. "ನೀ ಬೇಕಂತ ಮಾಡಾಕತ್ತಿಲ್ಲ. ಇದು ನಿನ್ನ ತಲ್ಯಾಗಿನ ನೋವೂ ಅಲ್ಲ," ಅಂದರು. ಗುಣವಾಗುತ್ತದೆ, ಆದರೆ ಮೆಲ್ಲಗೆ, ತಿಂಗಳುಗಟ್ಟಲೆ. ಕೊನೆಗೆ, "ತೊಳಕೊಳ್ಳಾಕ ಏನು ಹಾಕ್ತಿ?" ಎಂದು ಕೇಳಿದರು. ನಾನು ಪಟಿಕ, ಬೇವು, ಔಷಧ, ಸೋಪು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಟಿಕ ರಾಡಿ ನೀರಿಗೆ ಹಾಕ್ತಾರ ತಾಯಿ. ನಿನ್ನಲ್ಲಿ ಏನು ರಾಡಿ ಅದ? ಮೊದಲೇ ಉರಿಯೋ ಚರ್ಮ, ಅದನ್ನ ಸುಲದು ಸುಲದು ಇಟ್ಟಿ. ಇವತ್ತಿನಿಂದ ಬರೇ ತಣ್ಣೀರು, ಮತ್ತೇನೂ ಇಲ್ಲ."

"ನಮ್ಮವ್ವ ಕೊಟ್ಟಿದ್ಲು ರೀ. ಆಕಿಗೆ ಆಕಿ ಅವ್ವ."

"ನೋವು ಮನಿತನದಾಗ ಬಂತೋ ಏನೋ, ನನಗ ಹೇಳಾಕಾಗಂಗಿಲ್ಲ. ಪಟಿಕ ಮಾತ್ರ ಮನಿತನದಾಗ ಬಂದದ ನೋಡು," ಅಂದರು. ನಾನು ನಕ್ಕೆ. ನಕ್ಕದ್ದಕ್ಕೆ ಅವರೂ ನಕ್ಕರು. ಆಮೇಲೆ ನನ್ನ ಗಂಡನನ್ನು ಒಳಗೆ ಕರೆದು ಅದನ್ನೇ ಇನ್ನೊಮ್ಮೆ ಹೇಳಿದರು. ಇಬ್ಬರಿಗೂ ಒಂದು ಆಜ್ಞೆ: ತಾವು ಹೇಳುವ ತನಕ ಆ ಪ್ರಯತ್ನವೇ ಬೇಡ. ಹೊರಗೆ ಬಂದ ಮೇಲೆ ನನ್ನ ಗಂಡ ದೊಡ್ಡ ಉಸಿರು ಬಿಟ್ಟು, "ನನ್ನ ಮ್ಯಾಲಿನ ಬ್ಯಾಸರಕಿಗೆ ನೀ ಚೀರ್ತಿ ಅನ್ಕೊಂಡಿದ್ನಿ. ನಾ ಅಂದ್ರ ನಿನಗ ಆಗಂಗಿಲ್ಲ ಅಂತ" ಅಂದರು. ಅಷ್ಟು ದಿನ ಅವರು ಅದನ್ನು ಹೊತ್ತುಕೊಂಡು ಕಟ್ಟೆಯ ಮೇಲೆ ಕೂತಿದ್ದರೆಂದು ನನಗೆ ಆಗ ಗೊತ್ತಾದದ್ದು.

ದೇವದುರ್ಗಕ್ಕೆ ವಾಪಸು ಹೋಗಿ ಅಜ್ಜಿಗೆ ಎಲ್ಲ ಹೇಳಿದೆ. ಪಟಿಕದ ಮಾತಿಗೆ ಅಜ್ಜಿ ಉರಿದುಬಿದ್ದಳು. "ನಮ್ಮವ್ವ ಕೊಟ್ಟದ್ದು ಅದು. ಆ ಡಾಕ್ಟರಮ್ಮಗೇನು ತಿಳೀತದ, ನಿನ್ನೆ ಮೊನ್ನೆ ಹುಟ್ಟಿದಾಕಿಗೆ." ಸಂಜೆಯ ಹೊತ್ತಿಗೆ ಸಿಟ್ಟಿಳಿಯಿತು. ಬೇವಿನ ಮರದ ಕೆಳಗೆ ನನ್ನ ಬಾಜು ಬಂದು ಕೇಳಿದಳು, "ನೋಡ್ಲೇನು ಅಂತ ಕೇಳಿದ್ಲಾ ಆಕಿ?"

"ಹೂಂ ಅಜ್ಜಿ."

"ಬ್ಯಾಡಂದ್ರ ಬಿಡ್ತೀನಿ ಅಂದ್ಲಾ?"

"ಹೂಂ."

"ಹಂಗಂದ್ಲಾ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆ ಬೇಸಿಗೆಯಲ್ಲಿ ಅಜ್ಜಿ ಈ ಒಂದು ಮಾತನ್ನು ನನ್ನಿಂದ ಎಷ್ಟು ಸಲ ಹೇಳಿಸಿದಳೋ. ನೆಂಟರ ಮದುವೆಯ ಸುದ್ದಿ ಕೇಳುವ ಹಾಗೆ, ಡಾಕ್ಟರು ಏನು ಉಟ್ಟಿದ್ದರು, ಯಾವ ಕಡೆ ನಿಂತಿದ್ದರು, ಕೇಳುವಾಗ ನಗುತ್ತಿದ್ದರೋ ಇಲ್ಲವೋ, ಎಲ್ಲ ಬೇಕು. ಪಟಿಕದ ತುಂಡು ಬಚ್ಚಲಿನ ಗೂಡಿನಿಂದ ಯಾವತ್ತೋ ಮಾಯವಾಗಿತ್ತು. ನಾನು ತೆಗೆದಿರಲಿಲ್ಲ.

ಆ ಬೇಸಿಗೆಯನ್ನು ನೆನೆದರೆ ಈಗಲೂ ನನ್ನ ಮೈ ಹಗುರಾಗುತ್ತದೆ. ಮಧ್ಯಾಹ್ನ ನಡುಮನೆಯ ತಣ್ಣನೆಯ ನೆಲದ ಮೇಲೆ ಚಾಪೆ ಹಾಸಿ, ಮೊಣಕಾಲು ಮಡಚಿ ಮಲಗಿ, ಡಾಕ್ಟರು ಕಲಿಸಿದ ಹಾಗೆ ಹೊಟ್ಟೆಯ ತಳದ ತನಕ ಉಸಿರು ಎಳೆದು ಮೈ ಸಡಿಲ ಬಿಡುವುದು. ಬಿಗಿ ಹಿಡಿಯುವುದು ಎಲ್ಲರಿಗೂ ಬರುತ್ತದೆ, ಬಿಡುವುದನ್ನು ಕಲಿಯಬೇಕು ನೋಡಿ. ಆಮೇಲೆ ಜೋಮು ಹಿಡಿಸುವ ಮುಲಾಮು ಹಚ್ಚಿ, ನನ್ನದೇ ಬೆರಳಿನಿಂದ ನನ್ನ ಮೈಯನ್ನೇ ಪರಿಚಯ ಮಾಡಿಕೊಳ್ಳುವುದು. ಮೊದಲ ದಿನ ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅನ್ನಿಸಿತ್ತು. ಯಾರ ಮುಂದೆ ನಾಚಿಕೆ, ಗೋಡೆಯ ಮುಂದೆಯೇ? ಅಜ್ಜಿ ತಲೆಬಾಗಿಲಲ್ಲಿ ಕಾವಲು. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯವಳಿಗೆ, "ಒಳಗ ಬರಬ್ಯಾಡಬೇ, ಮೊಮ್ಮಗಳು ಯೋಗ ಮಾಡಾಕತ್ತಾಳ, ಆಕಿಗೆ ಸಪ್ಪಳ ಆಗಂಗಿಲ್ಲ" ಎಂದು ಅಲ್ಲಿಂದಲೇ ಸಾಗಹಾಕುತ್ತಿದ್ದಳು. ಊರೆಲ್ಲ ನನ್ನನ್ನು ದೊಡ್ಡ ಯೋಗದಾಕಿ ಮಾಡಿಬಿಟ್ಟಿತು.

ಭಾನುವಾರ ಸಿರವಾರದ ಮೇಲಿನ ಬಸ್ಸಿನಲ್ಲಿ ನನ್ನ ಗಂಡ ಬರುತ್ತಿದ್ದರು. ಅಜ್ಜಿ ಮಂಡಾಳ, ಎಂದರೆ ಮಂಡಕ್ಕಿ, ಒಗ್ಗರಣೆ ಮಾಡಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಕೊಡುತ್ತಿದ್ದಳು. ಬೇವಿನ ಮರದ ಕೆಳಗೆ ಹಗ್ಗದ ಮಂಚದ ಮೇಲೆ ಅವರು, ಬಾಜೂಕ ಚಾಪೆಯ ಮೇಲೆ ಅಡ್ಡಾಗಿ ನಾನು. ಹತ್ತಿರ ಬಂದರೆ ಮುಂದೆ ಏನೋ ಆಗಬೇಕು ಎನ್ನುವ ಹೆದರಿಕೆ ಹೋಗಿದ್ದರಿಂದ ಮೊದಲ ಸಲ ಕೈ ಹಿಡಿದು ಕೂರುವುದು ಬಂತು. ಮಾತೇ ಆಡದ ಮನುಷ್ಯ ಅಂದುಕೊಂಡಿದ್ದೆ, ಆ ಭಾನುವಾರಗಳಲ್ಲಿ ಅವರ ಬಾಯಿಗೆ ಬೀಗವೇ ಇರಲಿಲ್ಲ. ಗಿರಣಿಯ ಬೆಕ್ಕು, ಸಣ್ಣವರಿದ್ದಾಗ ಕಾಲುವೆಯಲ್ಲಿ ಈಜು ಕಲಿತದ್ದು, ನನ್ನನ್ನು ನೋಡಲು ಬಂದ ದಿನ ಅಂಗಿಯ ಗುಂಡಿ ಕಿತ್ತುಹೋಗಿ ಪಿನ್ನು ಹಾಕಿಕೊಂಡದ್ದು. ಸಂಜೆಯ ಬಸ್ಸಿಗೆ ಎದ್ದು ಹೊರಟರೆ ನನಗೆ ಅಳು. ಮದುವೆಯಾಗಿ ಅಷ್ಟು ದಿನದ ಮೇಲೆ ನಾವು ಲಗ್ನ ಗೊತ್ತಾದ ಹುಡುಗ ಹುಡುಗಿಯ ಹಾಗಿದ್ದೆವು.

ಆದರೆ ಗಡುವು ಗಡುವೇ. ಶಾಲೆ ಶುರುವಾಗುವ ಹೊತ್ತಾದರೂ ಕಾರಹುಣ್ಣಿಮೆಯ ತನಕ ರಜೆ ಬರೆದು ಕಳಿಸಿದ್ದೆ. ಮೇ ಮುಗಿಯುವ ಹೊತ್ತಿಗೆ ನಾನು ಎರಡೂ ಕಡೆ ಸಮನಾಗಿ ಕೂತು ಊಟ ಮಾಡುವಷ್ಟಾಗಿದ್ದೆ. ಉರಿ ಬಂದು ಬಂದು ಹೋಗುತ್ತಿತ್ತು, ದಿನವಿಡೀ ಇರುತ್ತಿರಲಿಲ್ಲ. ಅತ್ತೆ ಕೇಳುವ ಸುಧಾರಣೆ ಮಾತ್ರ ಇನ್ನೂ ದೂರ. ಡಾಕ್ಟರು, "ಅವಸರ ಮಾಡಿದ್ರ ಮಾಡಿದ್ದೆಲ್ಲ ನೀರಾಗ ಹೋಗ್ತದ, ಇನ್ನೂ ನಾಕಾರು ತಿಂಗಳು ಬೇಕು" ಅಂದಿದ್ದರು. ನನ್ನ ಗಂಡ ತಮ್ಮ ಮನೆಯಲ್ಲಿ ಫಾರಕತಿ ಬೇಡವೆಂದು ಹೇಳಿ ನೋಡಿದರು. ತಾಯಿಯೆದುರು ಅವರ ಮಾತು ನಡೆಯುವುದು ಅಷ್ಟರಲ್ಲೇ ಇತ್ತು.

ಕಾರಹುಣ್ಣಿಮೆಯ ದಿನ ಅತ್ತೆ ಒಬ್ಬರೇ ಬಂದರು. ಓಣಿಯಲ್ಲಿ ಎತ್ತುಗಳಿಗೆ ಬಣ್ಣ ಹಚ್ಚಿ, ಕೊರಳಿಗೆ ಗಂಟೆ ಕಟ್ಟಿ ಓಡಾಡಿಸುತ್ತಿದ್ದರು. ಅಜ್ಜಿ ಚಹಾ ಕೊಟ್ಟಳು. ಅತ್ತೆ ಬಟ್ಟಲು ಕೈಯಲ್ಲಿ ಹಿಡಿದು ನನ್ನನ್ನು ಕೇಳಿದರು, "ಸುಧಾರಿಸ್ತೇನವಾ?"

"ಅರ್ಧ ಆಗೇದ ರೀ ಅತ್ತಿ. ಡಾಕ್ಟರು ಇನ್ನೂ ನಾಕಾರು ತಿಂಗಳು ಅಂದಾರ."

"ಅರ್ಧ ಅಂದ್ರ ಏನಬೇ? ಇದ್ರಾಗ ಅರ್ಧ ಅಂತ ಇರ್ತದೇನು?" ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. "ನಾವೆಲ್ಲ ಹೆಂಗಸರಲ್ಲೇನು? ಮೊದಮೊದಲು ಎಲ್ಲಾರಿಗೂ ನೋಯ್ತದ. ಹಲ್ಲು ಕಚ್ಚಿ ಸಹಿಸ್ಕೋಬೇಕು. ಸಹಿಸ್ಕೊಂಡ್ರ ಹೋಗ್ತದ. ನಿಮ್ಮ ಅಜ್ಜಿನ್ನ ಕೇಳು ಬೇಕಾದ್ರ. ಏಳು ಹಡದಾರ. ಹೌದಲ್ರಿ ಅಮ್ಮಾರ, ನೀವೇನು ಸಹಿಸ್ಕೊಳ್ಳಲಿಲ್ಲೇನು?"

ಅಜ್ಜಿ ಬಾಗಿಲಿನ ಪಕ್ಕ ಗೋಡೆಗೆ ಆನಿಕೊಂಡು ನಿಂತಿದ್ದಳು. "ಸಹಿಸ್ಕೊಂಡೀನಿ," ಅಂದಳು.

"ಕೇಳಿದಿಲ್ಲೋ," ಎಂದು ಅತ್ತೆ ನನ್ನ ಕಡೆ ತಿರುಗಿದರು.

"ಹೋಗ್ಲಿಲ್ಲವಾ ಅದು," ಅಂದಳು ಅಜ್ಜಿ.

ಅತ್ತೆ ಮತ್ತೆ ಅವಳ ಕಡೆ ನೋಡಿದರು. ಹೊರಗೆ ಒಂದು ಜೋಡಿ ಎತ್ತು ಗಂಟೆ ಸಪ್ಪಳ ಮಾಡುತ್ತಾ ಹೋಯಿತು. ಅಜ್ಜಿ ಆ ಕಡೆ ಕೈ ತೋರಿಸಿದಳು.

"ಆ ಸಪ್ಪಳ ಕೇಳಾಕತ್ತೀರಲ್ಲ. ಈಕಿ ಅಜ್ಜ ಹೊಲದಿಂದ ಗಾಡಿ ಹೂಡ್ಕೊಂಡು ಬರ್ತಿದ್ದ. ಓಣಿ ತುದಿಗೆ ಎತ್ತಿನ ಗಂಟಿ ಸಪ್ಪಳ ಆದ್ರ ಮಕ್ಕಳು ಅಪ್ಪ ಬಂದ ಅಂತ ಓಡಿಹೋಗ್ತಿದ್ವು. ನನಗ ತೊಡಿ ನಡಗತಿದ್ವು. ಏಳು ಮಕ್ಕಳಾದ್ರೂ ನಡಗತಿದ್ವು. ಒಂದಿನ ನೋವಿಲ್ದ ದಿನ ಇಲ್ಲ. ಆತ ಕೆಟ್ಟಾತ ಅಲ್ಲವಾ, ಸುಳ್ಳ್ಯಾಕ ಹೇಳ್ಲಿ, ಸೊಂಟ ನೋಯ್ತದಂದ್ರ ತಾನೇ ನೀರು ಹೊತ್ತಾನ. ನಾ ಹೇಳಿದ್ರ ಕೇಳ್ತಿದ್ದನೋ ಏನೋ. ನಾ ಹೇಳ್ಲಿಲ್ಲ. ಬ್ಯಾಡ ಅನ್ನಾಕ ಬರ್ತದಂತ ನನಗ ಗೊತ್ತೇ ಇರಲಿಲ್ಲ."

ಹುಟ್ಟಿದಾಗಿನಿಂದ ನೋಡಿದ ಅಜ್ಜಿ, ಅವಳ ಬೇನೆಯನ್ನು ನಾವು ಬೇಸಿಗೆಗೊಮ್ಮೆ ಆಟ ಆಡಿ ನಕ್ಕಿದ್ದೆವು, ಅವಳೂ ನಮ್ಮ ಜೊತೆ ನಕ್ಕಿದ್ದಳು. ನನಗೆ ಎದ್ದು ಹೋಗಿ ಅವಳ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು.

ಅತ್ತೆ ಚಹಾದ ಬಟ್ಟಲು ಕೆಳಗಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡರು. "ಈಗರ ಕಡಿಮಿ ಆಗೇದೇನ್ರಿ ಅಮ್ಮಾರ?" ಎಂದು ಮೆಲ್ಲಗೆ ಕೇಳಿದರು. ಅಜ್ಜಿ ಖಾಲಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

"ಡಾಕ್ಟರ ಹತ್ರ ಮತ್ತ ಯಾವಾಗ ಹೋಗೋದದ?" ಅತ್ತೆ ನನ್ನನ್ನು ಕೇಳಿದರು.

"ನಾಳಿ ರೀ."

"ನಾನೂ ಬರ್ತೀನಿ. ಅಲ್ಲಿಂದ ಹಂಗ ಮಾನ್ವಿಗೆ ಹೋಗೋಣು. ನಿನ್ನ ಚೀಲಾ ಕಟ್ಕೋ. ಎಷ್ಟು ತಿಂಗಳು ಹಿಡೀತದ ಹಿಡೀಲಿ. ಆತಗ ನಾ ಹೇಳ್ತೀನಿ. ಫಾರಕತಿ ಸುದ್ದಿ ಇನ್ನ ಯಾರೂ ತಗಿಯಂಗಿಲ್ಲ," ಅಂದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ದನಿ ಎತ್ತಿ ಕರೆದರು, "ಅಮ್ಮಾರ, ನೀವೂ ನಡೀರಿ ನಾಳಿ."

"ನನ್ನಂಥಾ ಮುದುಕಿನ್ನ ಯಾರು ನೋಡ್ತಾರಬೇ," ಎಂದು ಅಜ್ಜಿ ಒಳಗಿನಿಂದಲೇ ಅಂದಳು. "ಮಂದಿ ಕೇಳಿದ್ರ ನಗ್ತಾರ. ನೀವು ಹೋಗಿ ಬರ್ರಿ." ಅತ್ತೆ ಎಷ್ಟು ಹೇಳಿದರೂ ಒಪ್ಪಲಿಲ್ಲ. ನಾನು ಹೇಳಿದ್ದಕ್ಕೆ ಗದರಿಸಿದಳು. ರಾತ್ರಿ ಊಟಕ್ಕೆ ಹೋಳಿಗೆ ಬಡಿಸುವಾಗಲೂ ಆ ಮಾತು ತೆಗೆಯಲು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಚೀಲ ಕಟ್ಟಿಕೊಂಡು ನಡುಮನೆಗೆ ಬಂದೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದರು. ಅಜ್ಜಿ ತಲೆಬಾಗಿಲಿನ ಹೊಸ್ತಿಲ ಬಳಿ ಇದ್ದಳು. ಮದುವೆ ಮುಂಜಿಗೆ ಮಾತ್ರ ಉಡುವ ಇಳಕಲ್ಲ ಸೀರೆ ಉಟ್ಟು, ತಲೆ ಬಾಚಿ, ಮನೆಯ ಬೀಗ ಕೈಯಲ್ಲಿ ಹಿಡಿದಿದ್ದಳು. ನನ್ನನ್ನು ಹತ್ತಿರ ಕರೆದು, ಅತ್ತೆಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಕೇಳಿದಳು.

"ಆಕಿ ನನ್ನೂ ಕೇಳ್ತಾಳೇನು, ನೋಡ್ಲೇನು ಅಂತ?"

"ಕೇಳ್ತಾಳ ಅಜ್ಜಿ," ಅಂದೆ. "ನಡಿ."